ಒಂದು ಇಂಗ್ಲಿಷ್ ಪದಕ್ಕೆ ಹಲವು ಸ್ಪ್ಯಾನಿಷ್ ಪದಗಳಿದ್ದಾಗ ಯಾವುದನ್ನು ಆರಿಸಬೇಕು?

ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕಿನ ಹಳ್ಳಿ. ಮನೆಯವರು ಮತ್ತು ನೆರೆಯ ಕೆಲವು ರೈತರು ಸೇರಿ ಆಲೆಮನೆ ನಡೆಸುತ್ತಿದ್ದೇವೆ. ಮೆಕ್ಸಿಕೊ ಮತ್ತು ಸ್ಪೇನಿನ ವ್ಯಾಪಾರಿಗಳಿಗೆ ಕಳುಹಿಸಲು ನಮ್ಮ ಬೆಲ್ಲದ ಇಂಗ್ಲಿಷ್ ವಿವರಪಟ್ಟಿಯನ್ನು ಸ್ಪ್ಯಾನಿಷ್ ಭಾಷೆಗೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೈಸೂರಿನಲ್ಲಿ ಓದುವಾಗ ಸ್ಪ್ಯಾನಿಷ್ ಕಲಿತಿದ್ದೆ. ಆದರೆ ನಿಘಂಟು ತೆರೆದರೆ ‘ಲೈಮ್’, ‘ಮೋಲ್ಡ್’, ‘ಫ್ರೀ’, ‘ಲೈಟ್’, ‘ಸೀಸನ್’, ‘ಆರ್ಡರ್’ ಮುಂತಾದ ಪದಗಳಿಗೆ ನಾಲ್ಕೈದು ಅರ್ಥಗಳು ಸಾಲಾಗಿ ನಿಲ್ಲುತ್ತವೆ. ಮೊಬೈಲಿನ ಅನುವಾದ ಆ್ಯಪ್ ಒಂದು ಸಲ ಒಂದು ಪದ ಕೊಟ್ಟರೆ ಇನ್ನೊಂದು ಸಲ ಬೇರೆಯದನ್ನು ಕೊಡುತ್ತದೆ. ಆರಿಸುವುದಕ್ಕೆ ಏನಾದರೂ ನಿಯಮವಿದೆಯೇ?

ಉತ್ತರ: ಪದವನ್ನು ಒಂಟಿಯಾಗಿ ಇಟ್ಟುಕೊಂಡು ಹುಡುಕುವವರೆಗೆ ಅಂಥ ನಿಯಮ ಸಿಗುವುದಿಲ್ಲ. ನಿಘಂಟು ಒಂದು ಇಂಗ್ಲಿಷ್ ಪದದ ಎದುರು ಐದು ಸ್ಪ್ಯಾನಿಷ್ ಪದಗಳನ್ನು ಬರೆದಿದ್ದರೆ, ಅವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದಾದ ಪರ್ಯಾಯಗಳೆಂದು ಹೆಚ್ಚಿನವರು ತಿಳಿಯುತ್ತಾರೆ. ವಾಸ್ತವವಾಗಿ ಅವು ಬಹಳಷ್ಟು ಸಲ ಐದು ಬೇರೆ ಬೇರೆ ವಸ್ತುಗಳ ಹೆಸರುಗಳು. ಇಂಗ್ಲಿಷ್ ಭಾಷೆ ತನ್ನ ಇತಿಹಾಸದ ಯಾವುದೋ ಕಾರಣಕ್ಕೆ ಅವೆಲ್ಲಕ್ಕೂ ಒಂದೇ ಸದ್ದನ್ನು ಕೊಟ್ಟಿದೆ, ಅಷ್ಟೆ. ಹಾಗಾಗಿ ಸ್ಪ್ಯಾನಿಷ್ ಪದ ಹುಡುಕುವ ಮೊದಲು, ನಿಮ್ಮ ವಾಕ್ಯದಲ್ಲಿ ಇರುವುದು ಯಾವ ವಸ್ತು ಎಂಬುದನ್ನು ತೀರ್ಮಾನಿಸಬೇಕು. ಅದನ್ನು ತೀರ್ಮಾನಿಸಲು ಒಳ್ಳೆಯ ಒರೆಗಲ್ಲು ನಿಮ್ಮ ಬಳಿಯೇ ಇದೆ, ಅದು ಕನ್ನಡ. ಇಂಗ್ಲಿಷ್ ವಾಕ್ಯವನ್ನು ಆಲೆಮನೆಯಲ್ಲಿ ನಿಮ್ಮ ತಂದೆಯವರಿಗೆ ಹೇಳುವುದಾದರೆ ಹೇಗೆ ಹೇಳುತ್ತೀರೋ ಹಾಗೆ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಿ. ಬಹಳಷ್ಟು ಕಡೆ ಅರ್ಥ ತಾನಾಗಿ ಒಡೆದುಕೊಳ್ಳುತ್ತದೆ. ಕೆಲವು ಕಡೆ ಈ ಉಪಾಯ ಕೈಕೊಡುತ್ತದೆ, ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ನೀವು ಕಳುಹಿಸಿರುವ ಪಟ್ಟಿಯಲ್ಲಿ ಅತ್ಯಂತ ಅಪಾಯದ ಪದ ‘ಲೈಮ್’. ಕಬ್ಬಿನ ರಸಕ್ಕೆ ಲೈಮ್ ಸೇರಿಸಿ ಶುದ್ಧಗೊಳಿಸಲಾಗುತ್ತದೆ ಎಂಬ ವಾಕ್ಯ ಅದರಲ್ಲಿದೆ. ನಿಘಂಟಿನಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ‘ಲೀಮಾ’, ಅಂದರೆ ನಿಂಬೆಯ ಜಾತಿಯ ಹಣ್ಣು. ಅದನ್ನೇ ಬರೆದರೆ ಓದುವ ವ್ಯಾಪಾರಿ ನಿಮ್ಮ ಬೆಲ್ಲದಲ್ಲಿ ಹುಳಿ ಹಣ್ಣಿನ ರಸವಿದೆ ಎಂದು ತಿಳಿಯುತ್ತಾನೆ. ಕೊಪ್ಪರಿಗೆಗೆ ಹಾಕುವುದು ಸುಣ್ಣ ಎಂಬುದು ನಿಮಗೆ ಗೊತ್ತು. ರಸದ ಹುಳಿಯನ್ನು ತಗ್ಗಿಸಿ, ಕಲ್ಮಷ ನೊರೆಯಾಗಿ ಮೇಲೆ ಬರುವಂತೆ ಮಾಡುವುದು ಅದರ ಕೆಲಸ. ಕನ್ನಡದಲ್ಲಿ ಹೇಳಿಕೊಂಡ ಕೂಡಲೇ ಸುಣ್ಣ ಮತ್ತು ನಿಂಬೆ ಬೇರೆಯಾಗುತ್ತವೆ. ಸುಣ್ಣಕ್ಕೆ ಸ್ಪ್ಯಾನಿಷ್ ಪದ ‘ಕಾಲ್’, ಅದು ಸ್ತ್ರೀಲಿಂಗ, ‘ಲಾ ಕಾಲ್’. ವಾಕ್ಯ ‘ಸೆ ಅನ್ಯಾದೆ ಕಾಲ್ ಅಲ್ ಹೂಗೊ ದೆ ಕಾನ್ಯ’ ಎಂದಾಗುತ್ತದೆ. ಮೆಕ್ಸಿಕೊದ ಓದುಗನಿಗೆ ಇದು ಪರಕೀಯವಾಗಿ ಕೇಳಿಸುವುದೂ ಇಲ್ಲ, ಏಕೆಂದರೆ ಅಲ್ಲಿ ರೊಟ್ಟಿಗೆ ಬಳಸುವ ಜೋಳವನ್ನು, ಅಂದರೆ ನಮ್ಮ ಮುಸುಕಿನ ಜೋಳವನ್ನು, ಸುಣ್ಣದ ನೀರಿನಲ್ಲಿ ಬೇಯಿಸುವ ಪದ್ಧತಿ ಬಹಳ ಹಳೆಯದು. ‘ಕಾಲ್’ ಅವರ ಅಡುಗೆಮನೆಯ ಪದವೇ ಆಗಿದೆ. ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನಾವು ದಿನನಿತ್ಯ ಬಳಸುವ ಸಣ್ಣ ಹಸಿರು ನಿಂಬೆಹಣ್ಣನ್ನು ಮೆಕ್ಸಿಕೊದವರು ‘ಲಿಮೋನ್’ ಎನ್ನುತ್ತಾರೆ, ಸ್ಪೇನಿನಲ್ಲಿ ‘ಲಿಮೋನ್’ ಎಂದರೆ ದೊಡ್ಡ ಹಳದಿ ಹಣ್ಣು. ಮುಂದೆ ಉಪ್ಪಿನಕಾಯಿಯನ್ನೂ ಕಳುಹಿಸುವ ಯೋಚನೆ ಇದ್ದರೆ ಇದನ್ನು ನೆನಪಿಡಿ.

‘ಮೋಲ್ಡ್’ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅದು ನಿಮ್ಮ ಪಟ್ಟಿಯ ಒಂದೇ ಪುಟದಲ್ಲಿ ಎರಡು ಅರ್ಥಗಳಲ್ಲಿ ಬಂದಿದೆ. ಪಾಕವನ್ನು ಮರದ ಮೋಲ್ಡಿಗೆ ಸುರಿಯಲಾಗುತ್ತದೆ ಎಂಬಲ್ಲಿ ಅದು ಅಚ್ಚು. ಆರು ತಿಂಗಳವರೆಗೆ ಮೋಲ್ಡ್ ಬರುವುದಿಲ್ಲ ಎಂಬಲ್ಲಿ ಬೂಷ್ಟು. ಸ್ಪ್ಯಾನಿಷ್ ಭಾಷೆಯಲ್ಲಿ ಅಚ್ಚಿಗೆ ‘ಮೋಲ್ದೆ’, ಬೂಷ್ಟಿಗೆ ‘ಮೋಒ’. ಎರಡನೆಯದರ ನಡುವೆ ಬರವಣಿಗೆಯಲ್ಲಿ ಒಂದು ಹಕಾರದ ಅಕ್ಷರವಿದ್ದರೂ ಅದನ್ನು ಉಚ್ಚರಿಸುವುದಿಲ್ಲ. ಒಂದು ಪದಕ್ಕೆ ಒಂದು ಅನುವಾದ ಎಂದು ಮೊದಲೇ ಪಟ್ಟಿ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಎಲ್ಲ ಕಡೆಯೂ ಒಟ್ಟಿಗೆ ಬದಲಾಯಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ನಿಮ್ಮ ಬೆಲ್ಲವನ್ನು ಬೂಷ್ಟಿಗೆ ಸುರಿದು ಮಾಡಲಾಗುತ್ತದೆ ಎಂಬ ವಾಕ್ಯ ಮೆಕ್ಸಿಕೊ ತಲುಪುತ್ತದೆ. ಆದ್ದರಿಂದ ‘ಎಲ್ಲ ಕಡೆ ಬದಲಾಯಿಸು’ ಎಂಬ ಗುಂಡಿಯನ್ನು ಅನುವಾದದ ಕೆಲಸದಲ್ಲಿ ಒತ್ತಬೇಡಿ.

‘ಸೀಸನ್’ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಸೂಕ್ಷ್ಮವಾಗಿದೆ. ಬೇಸಿಗೆ, ಚಳಿಗಾಲ ಎಂಬಂತೆ ವರ್ಷದ ಭಾಗವಾದರೆ ನಾವು ಋತು ಎನ್ನುತ್ತೇವೆ, ಸ್ಪ್ಯಾನಿಷ್ ಜನ ‘ಎಸ್ತಾಸಿಯೋನ್’ ಎನ್ನುತ್ತಾರೆ. ವ್ಯಾಪಾರದ, ಪ್ರವಾಸದ ಕಾಲವಾದರೆ ‘ತೆಂಪೊರಾದಾ’. ಅಡುಗೆಗೆ ಉಪ್ಪು, ಮಸಾಲೆ ಹಾಕುವ ಕ್ರಿಯೆಯಾದರೆ ‘ಸಸೊನಾರ್’. ಆದರೆ ನಿಮ್ಮ ಪಟ್ಟಿಯಲ್ಲಿರುವುದು ಕಬ್ಬು ಕಡಿದು ಅರೆಯುವ ಹಂಗಾಮು, ಅದಕ್ಕೆಂದೇ ಅವರಲ್ಲಿ ಪ್ರತ್ಯೇಕ ಪದವಿದೆ, ‘ಸಾಫ್ರಾ’. ಈ ಪದ ಕಂಡರೆ ಕಬ್ಬಿನ ನಾಡಿನ ಓದುಗನಿಗೆ ಬರೆದವರು ಕಸುಬು ಬಲ್ಲವರು ಎಂಬ ಭರವಸೆ ಬರುತ್ತದೆ. ಅದೇ ರೀತಿ ‘ಮಿಲ್’ ಎಂಬುದಕ್ಕೆ ‘ಮೊಲೀನೊ’ ಎಂದು ಬರೆದರೆ ಹಿಟ್ಟಿನ ಗಿರಣಿ ಕಣ್ಣಮುಂದೆ ಬರುತ್ತದೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಶುಗರ್‌ನಂಥ ಸಕ್ಕರೆ ಕಾರ್ಖಾನೆಗೆ ‘ಇನ್ಹೇನಿಯೊ’, ನಿಮ್ಮ ಆಲೆಮನೆಯಂಥ ಸಣ್ಣ ಗಾಣದ ಮನೆಗೆ ‘ತ್ರಾಪಿಚೆ’. ಇಂಗ್ಲಿಷ್ ಅಳಿಸಿಹಾಕಿದ ಈ ಭೇದ ಮಂಡ್ಯದಲ್ಲೂ ಇದೆ, ಕೊಲಂಬಿಯದಲ್ಲೂ ಇದೆ.

‘ಲೈಟ್’ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಕು ‘ಲೂಸ್’, ಹಗುರ ‘ಲಿಹೇರೊ’, ತಿಳಿಬಣ್ಣ ‘ಕ್ಲಾರೊ’. ನೀವು ಹೇಳುತ್ತಿರುವುದು ಬಣ್ಣದ ಮಾತು, ಆದ್ದರಿಂದ ಬೆಲ್ಲಕ್ಕೆ ‘ಪನೇಲಾ’ ಎಂಬ ಸ್ತ್ರೀಲಿಂಗದ ಹೆಸರು ಬಳಸುವಲ್ಲಿ ‘ಕ್ಲಾರಾ’ ಎಂದೂ, ‘ಪಿಲೊನ್ಸಿಯೊ’ ಎಂಬ ಪುಲ್ಲಿಂಗದ ಹೆಸರು ಬಳಸುವಲ್ಲಿ ‘ಕ್ಲಾರೊ’ ಎಂದೂ ಬರೆಯಿರಿ; ಈ ಎರಡು ಹೆಸರುಗಳ ವಿಷಯ ಮುಂದೆ ಬರುತ್ತದೆ.

‘ಫ್ರೀ’ ಮೂರು ಕಡೆ ಬಂದಿದೆ. ಉಚಿತ ಸಾಗಣೆ ಎಂಬಲ್ಲಿ ‘ಎನ್‌ಬೀಯೊ ಗ್ರಾತುಯಿತೊ’ ಎಂದರೆ ಸರಿ. ನಮ್ಮನ್ನು ಸಂಪರ್ಕಿಸಲು ಫ್ರೀ ಆಗಿರಿ ಎಂಬ ಇಂಗ್ಲಿಷ್ ವಾಡಿಕೆಯನ್ನು ಪದಕ್ಕೆ ಪದವಾಗಿ ತಂದರೆ ಯಾರಿಗೂ ಅರ್ಥವಾಗದು. ‘ನೊ ದೂದೆ ಎನ್ ಕೊಂತಾಕ್ತಾರ್‌ನೊಸ್’, ಅಂದರೆ ಸಂಪರ್ಕಿಸಲು ಹಿಂಜರಿಯಬೇಡಿ ಎಂಬುದು ಅವರ ರೂಢಿ. ಮೂರನೆಯದು ‘ಕೆಮಿಕಲ್ ಫ್ರೀ’. ಭಾಷೆಯ ದೃಷ್ಟಿಯಿಂದ ಇಲ್ಲಿ ‘ಇಲ್ಲದೆ’ ಎಂಬರ್ಥದ ‘ಸಿನ್’ ಎಂಬ ಚಿಕ್ಕ ಪದ ಸಾಕು. ಆದರೆ ಅನುವಾದಕನಾಗಿ ನೀವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದು ಸಾಲಿನಲ್ಲಿ ಸುಣ್ಣ ಹಾಕುತ್ತೇವೆ ಎಂದು ಬರೆದು, ಮುಂದಿನ ಸಾಲಿನಲ್ಲಿ ರಾಸಾಯನಿಕವೇ ಇಲ್ಲ ಎಂದರೆ ಎಚ್ಚರದ ಕೊಳ್ಳುಗ ಪ್ರಶ್ನಿಸುತ್ತಾನೆ, ಏಕೆಂದರೆ ಸುಣ್ಣವೂ ರಾಸಾಯನಿಕವೇ. ನಮ್ಮ ಕಡೆ ರಾಸಾಯನಿಕ ಹಾಕದ ಬೆಲ್ಲ ಎಂದರೆ ಬಣ್ಣ ಬಿಳುಪಾಗಿಸಲು ಹೈಡ್ರೋಸ್ ಹಾಕಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ; ಹೊರಗಿನವರಿಗೆ ತಿಳಿಯುವುದಿಲ್ಲ. ಹೈಡ್ರೋಸ್ ಸಲ್ಫೈಟಿನ ಗುಂಪಿಗೆ ಹತ್ತಿರದ ವಸ್ತು. ಐರೋಪ್ಯ ಒಕ್ಕೂಟದಲ್ಲಿ ಆಹಾರದೊಳಗೆ ಸಲ್ಫೈಟ್ ಅಂಶ ಕಿಲೋಗೆ 10 ಮಿಲಿಗ್ರಾಂ ಮೀರಿದರೆ ಲೇಬಲ್ ಮೇಲೆ ನಮೂದಿಸುವುದು ಕಡ್ಡಾಯ. ಹಾಗಾಗಿ ನೀವು ನಿಜವಾಗಿ ಅದನ್ನು ಹಾಕುತ್ತಿಲ್ಲವಾದರೆ ‘ಸಿನ್ ಸುಲ್ಫೀತೊಸ್ ಅನ್ಯಾದೀದೊಸ್’, ಅಂದರೆ ಸಲ್ಫೈಟ್ ಸೇರಿಸಿಲ್ಲ ಎಂದು ಬರೆಯುವುದು ಸ್ಪಷ್ಟವೂ ಹೌದು, ವ್ಯಾಪಾರಕ್ಕೆ ಅನುಕೂಲವೂ ಹೌದು.

ಇನ್ನು ಕನ್ನಡದ ಮೂಲಕ ನೋಡುವ ಉಪಾಯ ಎಲ್ಲಿ ಕೈಕೊಡುತ್ತದೆ ಎಂಬ ವಿಷಯ. ಮೊದಲನೆಯ ತೊಂದರೆ ನಾವು ಈಗಾಗಲೇ ನುಂಗಿಕೊಂಡಿರುವ ಇಂಗ್ಲಿಷ್ ಪದಗಳದ್ದು. ‘ಚಾರ್ಜ್’ ಎಂಬುದನ್ನು ಕನ್ನಡದಲ್ಲಿ ಹೇಳಿಕೊಳ್ಳಿ ಎಂದರೆ ನಾವು ‘ಚಾರ್ಜ್’ ಎಂದೇ ಹೇಳುತ್ತೇವೆ. ಮೊಬೈಲ್ ಚಾರ್ಜು, ಬಸ್ ಚಾರ್ಜು, ಡೆಲಿವರಿ ಚಾರ್ಜು, ಲಾಠಿ ಚಾರ್ಜು, ಆಫೀಸಿನ ಇನ್‌ಚಾರ್ಜು ಎಲ್ಲವೂ ನಮ್ಮ ಮಾತಿನಲ್ಲಿ ನೆಮ್ಮದಿಯಾಗಿ ಒಟ್ಟಿಗೆ ಬಾಳುತ್ತಿವೆ. ಸ್ಪ್ಯಾನಿಷ್ ಭಾಷೆಯಲ್ಲಿ ಮೊಬೈಲಿಗೆ ‘ಕಾರ್ಗಾರ್’, ಹಣ ವಸೂಲಿಗೆ ‘ಕೊಬ್ರಾರ್’, ಸಾಗಣೆ ವೆಚ್ಚಕ್ಕೆ ‘ಗಾಸ್ತೊಸ್ ದೆ ಎನ್‌ಬೀಯೊ’, ಹೊಣೆ ಹೊತ್ತವನಿಗೆ ‘ಎನ್‌ಕಾರ್ಗಾದೊ’. ‘ಆರ್ಡರ್’ ಕೂಡ ಹೀಗೆಯೇ. ಇಂಥ ಕಡೆ ಹಟಮಾಡಿ ಅಚ್ಚ ಕನ್ನಡಕ್ಕೆ ಹೋಗಬೇಕು, ಆದೇಶವೋ, ಅನುಕ್ರಮವೋ, ಸರಕಿನ ಬೇಡಿಕೆಯೋ ಎಂದು ಕೇಳಿಕೊಳ್ಳಬೇಕು. ಆದೇಶವಾದರೆ ‘ಲಾ ಓರ್ದೆನ್’, ಅನುಕ್ರಮವಾದರೆ ‘ಎಲ್ ಓರ್ದೆನ್’. ಪದ ಒಂದೇ ಆದರೂ ಲಿಂಗ ಬದಲಾದ ಕೂಡಲೇ ಅರ್ಥ ಬದಲಾಗುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಸರಕಿನ ಬೇಡಿಕೆಗೆ ‘ಪೆದೀದೊ’ ಎಂಬುದು ಎರಡೂ ದೇಶಗಳಲ್ಲಿ ನಡೆಯುವ ಪದ. ಮೆಕ್ಸಿಕೊದ ಹೋಟೆಲುಗಳಲ್ಲಿ ತಿಂಡಿಯ ಒಂದು ಪ್ಲೇಟಿಗೂ ‘ಓರ್ದೆನ್’ ಎನ್ನುವುದುಂಟು, ಆದರೆ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು, ಕನ್ನಡವೇ ಒಟ್ಟುಗೂಡಿಸಿ ಸ್ಪ್ಯಾನಿಷ್ ಒಡೆಯುವ ಪದಗಳು. ಮೀನು ನಮಗೆ ಕಾವೇರಿಯಲ್ಲಿ ಈಜುವಾಗಲೂ ಮೀನು, ಸಾರಿನಲ್ಲಿ ಬೆಂದಾಗಲೂ ಮೀನು. ಅವರಿಗೆ ಈಜುವುದು ‘ಪೆಸ್’, ಹಿಡಿದು ತಂದದ್ದು ‘ಪೆಸ್ಕಾದೊ’. ಮೂಲೆ ನಮಗೆ ಕೋಣೆಯ ಒಳಗೂ ಮೂಲೆ, ರಸ್ತೆಯಲ್ಲೂ ಮೂಲೆ. ಅವರಿಗೆ ಒಳಮೂಲೆ ‘ರಿಂಕೋನ್’, ಹೊರಮೂಲೆ ‘ಎಸ್ಕೀನಾ’. ಕಾಲು ಮನುಷ್ಯನದಾದರೆ ‘ಪಿಯೆರ್ನಾ’, ಎತ್ತಿನದೋ ಮೇಜಿನದೋ ಆದರೆ ‘ಪಾತಾ’, ಪಾದವಾದರೆ ‘ಪಿಯೆ’. ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ನಮ್ಮ ‘ಕೇಳು’. ಪ್ರಶ್ನೆ ಕೇಳುವುದು, ಸಾಲ ಕೇಳುವುದು, ಹಾಡು ಕೇಳುವುದು ನಮಗೆ ಒಂದೇ ಧಾತು. ಇಂಗ್ಲಿಷ್ ಇವುಗಳಲ್ಲಿ ಮೊದಲ ಎರಡನ್ನು ‘ಆಸ್ಕ್’ ಎಂದು ಒಟ್ಟಿಗೆ ಇಟ್ಟುಕೊಂಡು ಮೂರನೆಯದನ್ನು ಬೇರೆ ಮಾಡುತ್ತದೆ. ಸ್ಪ್ಯಾನಿಷ್ ಎಲ್ಲವನ್ನೂ ಒಡೆಯುತ್ತದೆ. ಮಾಹಿತಿ ಬೇಕಾದಾಗ ‘ಪ್ರೆಗುಂತಾರ್’, ವಸ್ತು ಅಥವಾ ಉಪಕಾರ ಬೇಕಾದಾಗ ‘ಪೆದೀರ್’, ಕಿವಿಗೊಟ್ಟು ಆಲಿಸುವಾಗ ‘ಎಸ್ಕುಚಾರ್’. ಬೆಲೆ ಎಷ್ಟೆಂದು ವಿಚಾರಿಸಿ ಎಂಬಲ್ಲಿ ಮೊದಲನೆಯದು, ಸ್ಯಾಂಪಲ್ ಕೇಳಿ ಪಡೆಯಿರಿ ಎಂಬಲ್ಲಿ ಎರಡನೆಯದು ಬರಬೇಕು. ಇಂಥ ಪದಗಳು ಬಹಳವಿಲ್ಲ. ಸಿಕ್ಕಿದಾಗಲೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪೂರ್ತಿ ವಾಕ್ಯದ ಸಮೇತ ಬರೆದಿಟ್ಟುಕೊಂಡರೆ ಕೆಲವೇ ಪುಟಗಳಲ್ಲಿ ಮುಗಿಯುತ್ತವೆ.

ಮೂರನೆಯದು, ಕನ್ನಡ ತನ್ನದೇ ಬಹ್ವರ್ಥವನ್ನು ತಂದು ಸೇರಿಸುವ ಅಪಾಯ. ಮಂಡ್ಯದಲ್ಲಿ ಗಾಣದಿಂದ ಬರುವುದನ್ನು ಕಬ್ಬಿನ ಹಾಲು ಎನ್ನುತ್ತೇವೆ. ಅದರ ಗುಂಗಿನಲ್ಲಿ ‘ಲೆಚೆ’ ಎಂದು ಬರೆದುಬಿಟ್ಟರೆ ಹಸುವಿನ ಹಾಲು ಬೆಲ್ಲದೊಳಗೆ ಬಂದುಬಿಡುತ್ತದೆ. ಅದು ಅಮೆರಿಕ ಖಂಡದ ಸ್ಪ್ಯಾನಿಷ್ ದೇಶಗಳಲ್ಲಿ ‘ಹೂಗೊ’, ಸ್ಪೇನಿನಲ್ಲಿ ಸಾಮಾನ್ಯವಾಗಿ ‘ಸೂಮೊ’.

ಇರುವಿಕೆಯ ಎರಡು ಕ್ರಿಯಾಪದಗಳಾದ ‘ಸೇರ್’ ಮತ್ತು ‘ಎಸ್ತಾರ್’ ವಿಷಯದಲ್ಲಿ ಕನ್ನಡ ಅರ್ಧ ದಾರಿ ಜೊತೆಗೆ ಬರುತ್ತದೆ. ಅಚ್ಚು ಬೆಲ್ಲ ಗಟ್ಟಿ ಎಂದು ಕ್ರಿಯಾಪದವಿಲ್ಲದೆ ಹೇಳಿದಾಗ ನಾವು ಅದರ ಸ್ವಭಾವವನ್ನು ಹೇಳುತ್ತೇವೆ, ಅಲ್ಲಿ ‘ಸೇರ್’ನ ರೂಪ, ‘ಎಸ್ ದೂರಾ’. ಬೆಲ್ಲ ಗಟ್ಟಿಯಾಗಿದೆ ಎಂದಾಗ ಈಗಿನ ಸ್ಥಿತಿಯನ್ನು ಹೇಳುತ್ತೇವೆ, ಅಲ್ಲಿ ‘ಎಸ್ತಾರ್’ನ ರೂಪ, ‘ಎಸ್ತಾ ದೂರಾ’. ಮಾರುವವರ ಪಟ್ಟಿಯಲ್ಲಿ ಎರಡನೆಯದು ಬಂದರೆ ಗ್ರಾಹಕರ ದೂರನ್ನು ನೀವೇ ಬರೆದುಕೊಟ್ಟಂತೆ. ಆದರೆ ಸ್ಥಳ ಹೇಳುವಾಗ ಕನ್ನಡವನ್ನು ನಂಬಬೇಡಿ. ಆಲೆಮನೆ ಮಂಡ್ಯದಲ್ಲಿದೆ, ಮೇಳ ಮೈಸೂರಿನಲ್ಲಿದೆ ಎಂಬ ಎರಡಕ್ಕೂ ನಮ್ಮದು ಒಂದೇ ‘ಇದೆ’. ಸ್ಪ್ಯಾನಿಷ್ ಭಾಷೆಯಲ್ಲಿ ಕಟ್ಟಡಕ್ಕೆ ‘ಎಸ್ತಾರ್’, ನಡೆಯುವ ಕಾರ್ಯಕ್ರಮಕ್ಕೆ ‘ಸೇರ್’. ‘ಫಾರ್’ ಎಂಬುದರ ಕಥೆಯೂ ಇದೇ. ಮಕ್ಕಳಿಗಾಗಿ ಎಂಬಲ್ಲಿ ‘ಪಾರಾ’, ಮಳೆಯಿಂದ ತಡವಾಯಿತು ಎಂಬ ಕಾರಣಕ್ಕೆ ‘ಪೋರ್’ ಎಂದು ನಮ್ಮ ವಿಭಕ್ತಿಗಳೇ ದಾರಿ ತೋರಿಸುತ್ತವೆ. ಆದರೆ ನೂರು ರೂಪಾಯಿಗೆ ಕೊಂಡೆ ಎಂಬಲ್ಲಿ ನಮ್ಮ ಚತುರ್ಥಿಯನ್ನು ಹಿಂಬಾಲಿಸಿ ‘ಪಾರಾ’ ಎನ್ನಬಾರದು. ಬೆಲೆಗೆ, ವಿನಿಮಯಕ್ಕೆ ಯಾವಾಗಲೂ ‘ಪೋರ್’.

ಮುಂದಿನದು ದೇಶದ ಪ್ರಶ್ನೆ. ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ, ನಿಮ್ಮ ಸರಕಿನ ಹೆಸರೇ ಗಡಿ ದಾಟಿದಾಗ ಬದಲಾಗುತ್ತದೆ. ಬೆಲ್ಲ ಕೊಲಂಬಿಯದಲ್ಲಿ ‘ಪನೇಲಾ’, ಮೆಕ್ಸಿಕೊದಲ್ಲಿ ‘ಪಿಲೊನ್ಸಿಯೊ’, ಪೆರು ಮತ್ತು ಚಿಲಿಯಲ್ಲಿ ‘ಚಂಕಾಕಾ’, ವೆನೆಜುವೆಲದಲ್ಲಿ ‘ಪಪೆಲೋನ್’. ಮೆಕ್ಸಿಕೊದಲ್ಲಿ ‘ಪನೇಲಾ’ ಎಂದರೆ ಬಹಳ ಜನರಿಗೆ ಒಂದು ಬಗೆಯ ಮೃದುವಾದ ಚೀಸ್ ನೆನಪಾಗುತ್ತದೆ, ನಮ್ಮ ಪನೀರಿನ ದೂರದ ನೆಂಟ ಎನ್ನಬಹುದು. ಆದ್ದರಿಂದ ಸ್ಪೇನಿಗೆ ‘ಪನೇಲಾ’, ಮೆಕ್ಸಿಕೊಗೆ ‘ಪಿಲೊನ್ಸಿಯೊ’ ಎಂದು ಎರಡು ಪ್ರತಿಗಳನ್ನೇ ಮಾಡಿ. ಒಂದೇ ಪ್ರತಿಯಲ್ಲಿ ಎಲ್ಲರನ್ನೂ ಮೆಚ್ಚಿಸುವ ಪ್ರಯತ್ನ ಬೇಡ. ಹಾಗೆಯೇ ತೆಗೆದುಕೊಳ್ಳುವುದು ಎಂಬರ್ಥದಲ್ಲಿ ಸ್ಪೇನಿನವರು ದಿನವಿಡೀ ಬಳಸುವ ‘ಕೊಹೇರ್’ ಎಂಬ ಪದ ಮೆಕ್ಸಿಕೊ, ಅರ್ಜೆಂಟೀನ ಮುಂತಾದ ಕಡೆ ಅಶ್ಲೀಲ. ಎಲ್ಲ ಕಡೆಯೂ ಮರ್ಯಾದೆಯಿಂದ ನಡೆಯುವ ‘ತೊಮಾರ್’ ಇರುವಾಗ ಅದರ ಗೋಜಿಗೆ ಹೋಗಬೇಡಿ.

ನಿಘಂಟನ್ನು ಓದುವ ಕ್ರಮದ ಬಗ್ಗೆಯೂ ಹೇಳಬೇಕು, ಏಕೆಂದರೆ ಗೊಂದಲದ ಅರ್ಧ ಭಾಗ ಅಲ್ಲಿಯೇ ಹುಟ್ಟುತ್ತದೆ. ಅರ್ಥಗಳ ನಡುವೆ ಓರೆ ಅಕ್ಷರದಲ್ಲಿ ಇರುವ ಚಿಕ್ಕ ಸೂಚನೆಗಳನ್ನು, ಅಂದರೆ ನಾಮಪದವೋ ಕ್ರಿಯಾಪದವೋ, ಯಾವ ಲಿಂಗ, ಯಾವ ದೇಶ, ಯಾವ ಕಸುಬು ಎಂಬುದನ್ನು, ಬಿಟ್ಟು ಓದುವವರೇ ಹೆಚ್ಚು. ಅವೇ ಆಯ್ಕೆಯ ಕೀಲಿಕೈ. ‘ಸ್ಟೋರ್’ ಎಂಬುದು ನಾಮಪದವಾದರೆ ಅಂಗಡಿ, ‘ತಿಯೆಂದಾ’. ಕ್ರಿಯಾಪದವಾದರೆ ದಾಸ್ತಾನು ಮಾಡುವುದು, ‘ಅಲ್ಮಸೆನಾರ್’. ಆಹಾರದ ಪೊಟ್ಟಣದ ಮೇಲಾದರೆ ಇವೆರಡೂ ಅಲ್ಲ, ‘ಕೊನ್ಸೆರ್ಬಾರ್ ಎನ್ ಲುಗಾರ್ ಫ್ರೆಸ್ಕೊ ಇ ಸೇಕೊ’ ಎಂಬ ಸಿದ್ಧ ವಾಕ್ಯವೇ ಇದೆ. ಆರಿಸಿದ ಮೇಲೆ ಆ ಸ್ಪ್ಯಾನಿಷ್ ಪದವನ್ನು ಸ್ಪ್ಯಾನಿಷ್-ಸ್ಪ್ಯಾನಿಷ್ ನಿಘಂಟಿನಲ್ಲಿ ಮತ್ತೆ ನೋಡಿ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಜ ಭಾಷಾ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ದೇಶವಾರು ಬಳಕೆಯನ್ನೂ ಸೂಚಿಸುತ್ತದೆ. ಹೀಗೆ ನೋಡಿದರೆ ‘ಇನ್ಹೇನಿಯೊ’ ಎಂಬುದಕ್ಕೆ ಸಕ್ಕರೆ ಕಾರ್ಖಾನೆಯ ಜೊತೆಗೆ ಜಾಣ್ಮೆ ಎಂಬ ಅರ್ಥವೂ ಇದೆ ಎಂದು ತಿಳಿಯುತ್ತದೆ. ಬಹ್ವರ್ಥ ಇಂಗ್ಲಿಷಿನ ಸ್ವತ್ತೇನೂ ಅಲ್ಲವಲ್ಲ!

ಮೊಬೈಲಿನ ಆ್ಯಪ್ ಬೇಡವೆಂದು ನಾನು ಹೇಳುವುದಿಲ್ಲ. ಅದು ಪದೇ ಪದೇ ಮಾತು ಬದಲಿಸುವುದಕ್ಕೆ ಕಾರಣ, ನೀವು ಅದಕ್ಕೆ ಕೊಡುತ್ತಿರುವುದು ಒಂಟಿ ಪದ ಅಥವಾ ತುಂಡು ವಾಕ್ಯ. ಅಕ್ಕಪಕ್ಕದ ಪದಗಳೇ ಅದಕ್ಕಿರುವ ಸುಳಿವು, ಆದ್ದರಿಂದ ಪೂರ್ತಿ ಪ್ಯಾರಾ ಕೊಡಿ. ಅದಕ್ಕೂ ಮೊದಲು ಇಂಗ್ಲಿಷ್ ಪಟ್ಟಿಯನ್ನೇ ತಿದ್ದಿ. ‘ಲೈಮ್’ ಇದ್ದಲ್ಲಿ ‘ಸ್ಲೇಕ್ಡ್ ಲೈಮ್’ ಎಂದೂ, ಬೂಷ್ಟಿನ ‘ಮೋಲ್ಡ್’ ಇದ್ದಲ್ಲಿ ‘ಫಂಗಸ್’ ಎಂದೂ ಬದಲಾಯಿಸಿದರೆ ಯಂತ್ರವೂ ಎಡವುವುದು ಕಡಿಮೆ, ಮುಂದೆ ಫ್ರೆಂಚ್ ಅನುವಾದ ಮಾಡುವವರಿಗೂ ಉಪಕಾರ.

ಮುದ್ರಣಕ್ಕೆ ಕೊಡುವ ಮುನ್ನ ಸ್ಪ್ಯಾನಿಷ್ ಮನೆಮಾತಾಗಿರುವ ಒಬ್ಬರಿಗೆ ಪ್ರತಿಯನ್ನು ತೋರಿಸಿ. ಮೈಸೂರಿನಲ್ಲಿ ಅಂಥವರು ಸಿಗುವುದು ಕಷ್ಟವಲ್ಲ. ಯೋಗ ಕಲಿಯಲೆಂದು ಗೋಕುಲಂ ಬಡಾವಣೆಗೆ ಬರುವ ವಿದೇಶೀಯರಲ್ಲಿ ಸ್ಪ್ಯಾನಿಷ್ ಮಾತನಾಡುವವರೂ ಇರುತ್ತಾರೆ. ಅವರನ್ನು ‘ಇದು ಸರಿಯಿದೆಯೇ?’ ಎಂದು ಕೇಳಬೇಡಿ, ದಾಕ್ಷಿಣ್ಯಕ್ಕೆ ಹೌದೆಂದುಬಿಡುತ್ತಾರೆ. ಇಂಗ್ಲಿಷ್ ಪ್ರತಿಯನ್ನು ಮುಚ್ಚಿಟ್ಟು, ಸುಣ್ಣದ ಸಾಲನ್ನೂ ಅಚ್ಚಿನ ಸಾಲನ್ನೂ ಓದಲು ಹೇಳಿ, ರಸಕ್ಕೆ ಏನು ಹಾಕುತ್ತಾರೆ, ಪಾಕವನ್ನು ಯಾವುದರೊಳಗೆ ಸುರಿಯುತ್ತಾರೆ ಎಂದು ಅವರ ಮಾತಿನಲ್ಲೇ ಹೇಳಿಸಿ ನೋಡಿ.